ಒಂದು ಕೌದಿಯ ತಿಂಗಳು

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಹಿಳಾ ವಿಭಾಗದ ಪರವಾಗಿ ಮಾಡಿದ ಭಾಷಣ)



ರಾಜ್ಯೋತ್ಸವದ ಈ ವೇದಿಕೆಯಿಂದ ವರ್ಷ ವರ್ಷವೂ ಕವಿಗಳನ್ನು ಕುರಿತು, ಅರಸರನ್ನು ಕುರಿತು, ಏಕೀಕರಣಕ್ಕಾಗಿ ದುಡಿದ ಮಹನೀಯರನ್ನು ಕುರಿತು ವಿದ್ವತ್ಪೂರ್ಣವಾದ ಭಾಷಣಗಳು ಆಗುತ್ತ ಬಂದಿವೆ. ಈ ಸಲ ಮಹಿಳಾ ವಿಭಾಗದವರೂ ನಾಲ್ಕು ಮಾತು ಆಡಬೇಕೆಂದು ಕಾರ್ಯಕಾರಿ ಸಮಿತಿಯವರು ಅಪ್ಪಣೆ ಮಾಡಿದಾಗ, ಪಂಡಿತರ ಸಾಲಿನಲ್ಲಿ ನಿಂತು ನಾವು ಹೇಳುವುದಾದರೂ ಏನೆಂದು ಯೋಚಿಸಿದೆವು. ಕೊನೆಗೆ ನಮಗೆ ಚೆನ್ನಾಗಿ ಗೊತ್ತಿರುವ, ರಾತ್ರಿಯಾದರೆ ಹೊದ್ದುಕೊಂಡು ಮಲಗುವ ಒಂದು ವಸ್ತುವನ್ನೇ ಆರಿಸಿಕೊಂಡೆವು. ಅದು ಕೌದಿ.

ಕೌದಿ ಎಂದೊಡನೆ, ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಚದರಿದ್ದ ತುಂಡುಗಳನ್ನು 1956ರ ನವೆಂಬರ 1ರಂದು ಒಂದಾಗಿ ಹೊಲಿದ ಕಥೆಯನ್ನು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ನಾವು ಹಾಗೆ ಮಾಡಹೊರಟಿಲ್ಲ. ನಾವು ಹೇಳಹೊರಟಿರುವುದು ನಿಜವಾದ ಕೌದಿಯ ಸಂಗತಿ. ಅದನ್ನು ಹೊಲಿದು ಹೊಟ್ಟೆ ಹೊರೆಯುವ ಒಬ್ಬ ಹೆಣ್ಣುಮಗಳು 2020ರ ಯುಗಾದಿಯಿಂದ ಬಸವ ಜಯಂತಿಯವರೆಗೆ, ಅಂದರೆ ಮಾರ್ಚ್ 25ರಿಂದ ಏಪ್ರಿಲ್ 26ರವರೆಗೆ, ಕಳೆದ ಒಂದು ತಿಂಗಳ ಸಂಗತಿ.

ಕರಾವಳಿಯ ಕಡೆಯ ನಮ್ಮ ಸೋದರಿಯರಲ್ಲಿ ಕೆಲವರು, "ಕೌದಿ ಎಂದರೆ ಏನ್ರೀ?" ಎಂದು ಕೇಳುವುದುಂಟು. ಅವರಿಗಾಗಿ ಎರಡು ಮಾತು. ಹಳೆಯದಾದರೂ ಗಟ್ಟಿಯಾಗಿರುವ ಒಂದು ನೂಲಿನ ಸೀರೆಯನ್ನು ಒಗೆದು, ಒಣಗಿಸಿ, ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸುವುದು. ಅದರ ಮೇಲೆ ಸವೆದ ಧೋತರ, ತೋಳು ಹರಿದ ಅಂಗಿ, ಮಕ್ಕಳಿಗೆ ಗಿಡ್ಡಾದ ಪರಕಾರ, ಕುಪ್ಪಸದ ಖಣದ ತುಂಡು ಇವನ್ನೆಲ್ಲ ಪದರು ಪದರಾಗಿ ಹರಡುವುದು. ಎಲ್ಲಕ್ಕೂ ಮೇಲೆ ಇನ್ನೊಂದು ಸೀರೆ, ಇಲ್ಲವೆ ಬಣ್ಣ ಬಣ್ಣದ ಚೌಕಗಳು. ಆಮೇಲೆ ಅಂಚು ಮಡಿಚಿ, ಒಂದು ಮೂಲೆಯಿಂದ ಆರಂಭಿಸಿ, ದಂಡೆಗುಂಟ ಸುತ್ತಿ ಸುತ್ತಿ ನಡುವಿಗೆ ಬಂದು ಮುಟ್ಟುವ ಹಾಗೆ ಕೈಹೊಲಿಗೆ ಹಾಕುವುದು. ಇದರೊಳಗೆ ಹತ್ತಿ ತುಂಬುವುದಿಲ್ಲ. ಗಾದಿಗೂ ಕೌದಿಗೂ ಇರುವ ಭೇದ ಇದೇ. ನಮ್ಮ ಮರಾಠಿ ನೆರೆಯವರು ಇದನ್ನೇ ಗೋಧಡಿ ಎನ್ನುತ್ತಾರೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ ಇದರ ಅಕ್ಕತಂಗಿಯರೇ ಸರಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ಮುಮ್ಮೂಲೆಯ ಹೂ ಇರುತ್ತದೆ. ಆ ಹೂವಿಲ್ಲದ ಕೌದಿ ಬರಿಮೈಯಲ್ಲಿದ್ದಂತೆ ಎಂದು ಅವರ ಭಾವನೆ.

ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದು, ಕೌದಿಯ ಕಚ್ಚಾ ಮಾಲು ಅಂಗಡಿಯಲ್ಲಿ ಸಿಗುವುದಿಲ್ಲ. ಅದು ಯಾರದೋ ಮೈಮೇಲೆ ವರ್ಷಗಟ್ಟಲೆ ಇದ್ದು, ಬೆವರು ಕುಡಿದು, ಮೆತ್ತಗಾದ ಅರಿವೆ. ಎರಡನೆಯದು, ಇದು ಬೇಸಗೆಯ ಕೆಲಸ. ಊರಲ್ಲಿ ಸುಗ್ಗಿ ಮುಗಿದ ಮೇಲೆ ಹೆಂಗಸರಿಗೆ ಬಿಡುವು, ಬಟ್ಟೆ ಒಣಗಲು ಬಿಸಿಲು. ಮುಂಬಯಿಯಲ್ಲಂತೂ ಮೃಗಶಿರಾ ಮಳೆ ಹಿಡಿದರೆ ಕರವಸ್ತ್ರ ಒಣಗುವುದೇ ಕಷ್ಟ, ಇನ್ನು ಕೌದಿ ಒಣಗುವ ಮಾತೆಲ್ಲಿ! ಮೂರನೆಯದು, ಇದು ಒಬ್ಬಳೇ ಮಾಡುವ ಕೆಲಸವಲ್ಲ. ಹಾಸಿದ ಅರಿವೆಯ ಸುತ್ತ ಮೂವರು ನಾಲ್ವರು ಕುಳಿತು, ಮೊಣಕಾಲಿಗೆ ಮೊಣಕಾಲು ತಾಗಿಸಿ, ಸೊಸೆಯಂದಿರ ಸುದ್ದಿ, ಅತ್ತೆಯಂದಿರ ಸುದ್ದಿ ಆಡುತ್ತ ಹೊಲಿಯುವ ಕೆಲಸ. ಪರರ ಅರಿವೆ, ಬೇಸಗೆ, ನೆರೆಹೊರೆ ಇವು ಮೂರೂ ಕೂಡಿದರೆ ಕೌದಿ. 2020ರ ಪಿಡುಗು ಈ ಮೂರನ್ನೂ ಏಕಕಾಲಕ್ಕೆ ಕಿತ್ತುಕೊಂಡಿತು.

ನಮ್ಮಲ್ಲಿ ಕೆಲವರು ವಾಸವಾಗಿರುವ ಚಾಳಿನಲ್ಲಿ ಇಂಡಿ ತಾಲೂಕಿನ ಕಡೆಯ ಒಬ್ಬ ಮುದುಕಿ ಇದ್ದಾಳೆ. ತನ್ನ ಹೆಸರು ಪುಸ್ತಕದಲ್ಲಿ ಬರುವುದು ಬೇಡವೆಂದು ಆಕೆ ಹೇಳಿರುವುದರಿಂದ, ಚಾಳಿನ ಮಕ್ಕಳು ಕರೆಯುವ ಹಾಗೆ ನಾವೂ ಕೌದಿಯವ್ವ ಎಂದೇ ಕರೆಯುವೆವು. ಹೋಳಿ ಹುಣ್ಣಿಮೆಯಿಂದ ಮಳೆಗಾಲದ ತನಕ ಆಕೆಗೆ ಕೈತುಂಬ ಕೆಲಸ. ಮನೆಮನೆಗೆ ಹೋಗಿ ಹಳೆಯ ಸೀರೆಗಳನ್ನು ತಂದು, ಹೊಲಿದು, ತಿರುಗಿ ಮುಟ್ಟಿಸಿ, ಕೂಲಿ ಪಡೆಯುವಳು. ವರ್ಷದ ಮೂರು ತಿಂಗಳ ಈ ಗಳಿಕೆಯಿಂದಲೇ ಮೊಮ್ಮಕ್ಕಳ ಶಾಲೆಯ ಖರ್ಚು ನಡೆಯುತ್ತಿತ್ತು.

2020ರ ಮಾರ್ಚ್ ತಿಂಗಳನ್ನು ತಾವಾರೂ ಮರೆತಿರಲಾರಿರಿ. 10ನೆಯ ತಾರೀಖು ಕಲಬುರಗಿಯಲ್ಲಿ ಒಬ್ಬ ವೃದ್ಧರು ತೀರಿಕೊಂಡರು; ಕೊರೋನಾದಿಂದ ಭಾರತದಲ್ಲಿ ಆದ ಮೊದಲ ಸಾವು ಅದೇ ಎಂದು ಎರಡು ದಿನಗಳ ಮೇಲೆ ಖಚಿತವಾಯಿತು. ನಡುವೆ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಗದ್ವ್ಯಾಪಿ ಪಿಡುಗೆಂದು ಸಾರಿತು. 22ರ ಭಾನುವಾರ ಜನತಾ ಕರ್ಫ್ಯೂ. ಅಂದು ನಡುರಾತ್ರಿಯಿಂದ ಈ ನಗರದ ಜೀವನಾಡಿಯಾದ ಲೋಕಲ್ ಗಾಡಿಗಳು ನಿಂತವು. 24ರ ರಾತ್ರಿ 8 ಗಂಟೆಗೆ ಪ್ರಧಾನಿಯವರ ಘೋಷಣೆ. ಮಾರನೆಯ ದಿನದಿಂದ 21 ದಿನ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಆ ಮಾರನೆಯ ದಿನವೇ ಯುಗಾದಿ. ಚಾಳಿನ ಹಿಂದಿನ ಬೇವಿನ ಗಿಡದಿಂದ ಎಲೆ ಸಿಕ್ಕಿತು, ಮಾವಿನ ತೋರಣ ಸಿಗಲಿಲ್ಲ. ಬೇವು ಬೆಲ್ಲ ಹಂಚುವುದಕ್ಕೂ ಬಾಗಿಲು ದಾಟುವಂತಿರಲಿಲ್ಲ.

ಆ ದಿನ ಕೌದಿಯವ್ವನ ಕೋಣೆಯಲ್ಲಿ ಎರಡು ಅರೆಹೊಲಿದ ಕೌದಿಗಳೂ, ಇನ್ನೂ ಮೂರು ಮನೆಗಳಿಂದ ತಂದ ಹಳೆಯ ಅರಿವೆಯ ಗಂಟುಗಳೂ ಇದ್ದವು. ಹತ್ತು ಅಡಿಗೆ ಹನ್ನೆರಡು ಅಡಿಯ ಆ ಕೋಣೆಯಲ್ಲಿ ಮಗ, ಸೊಸೆ, ಎರಡು ಮಕ್ಕಳು, ಮುದುಕಿ, ಜೊತೆಗೆ ಈ ಗಂಟುಗಳು! ಹಾಲಿನ ಪೊಟ್ಟಣವನ್ನು ಸೋಪು ನೀರಿನಲ್ಲಿ ತೊಳೆದು, ತರಕಾರಿಯನ್ನು ಉಪ್ಪುನೀರಿನಲ್ಲಿ ನೆನೆಯಿಟ್ಟು, ಬಾಗಿಲ ಚಿಲಕವನ್ನು ಮುಟ್ಟಲು ಹೆದರುತ್ತಿದ್ದ ದಿನಗಳವು. ಸೊಸೆ ಗಂಟುಗಳ ಕಡೆ ನೋಡಿ, "ಅತ್ತಿ, ಇವು ಯಾರ್ಯಾರ ಮೈಮ್ಯಾಲಿನ ಅರಿವಿನೋ ಏನೋ" ಎಂದಳು. ಕೌದಿಯವ್ವ ಉತ್ತರ ಕೊಡಲಿಲ್ಲ. ಅಂದೇ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಗಂಟಿಗೊಂದು ಸರದಿಯಂತೆ ಎಲ್ಲವನ್ನೂ ಕುದಿಸಿ, ಗ್ಯಾಲರಿಯ ಕಟಕಟೆಯ ಮೇಲೆ ಬಿಸಿಲಿಗೆ ಹರಡಿದಳು.

ಅರಿವೆಗಳ ಒಡತಿಯರಿಂದಲೂ ಫೋನು ಬಂದವು. "ಸದ್ಯಕ್ಕೆ ತರಬೇಡ" ಎಂದರು ಇಬ್ಬರು. "ಅವನ್ನು ಎಸೆದುಬಿಡು" ಎಂದರು ಒಬ್ಬರು. ಹೆದರಿದವರದು ತಪ್ಪೆನ್ನಲಾಗದು, ರೋಗ ಹೇಗೆ ಹರಡುವುದೆಂದು ಆಗ ವೈದ್ಯರಿಗೇ ಪೂರ್ತಿ ತಿಳಿದಿರಲಿಲ್ಲ. ಅದು ಮುಖ್ಯವಾಗಿ ಉಸಿರಿನ ಗಾಳಿಯಿಂದ ಹರಡುವುದು, ಬಟ್ಟೆಬರೆಯನ್ನು ಮುಟ್ಟುವುದರಿಂದ ಅಪಾಯ ಬಹಳ ಕಡಿಮೆ ಎಂಬುದು ಸ್ಪಷ್ಟವಾದದ್ದು ತಿಂಗಳುಗಳ ಮೇಲೆ. ಆದರೆ ಭಯ ಅಷ್ಟು ಹೊತ್ತು ಕಾಯುವುದಿಲ್ಲ.

ಈ ಭಯ ನಮ್ಮ ನಗರಕ್ಕೆ ಹೊಸದೂ ಅಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗಲೂ, 1897ರಲ್ಲಿ ಪುಣೆಯಲ್ಲಿ ಸೋಲ್ಜರರು ಮನೆಗಳಿಗೆ ನುಗ್ಗಿ ತಪಾಸಣೆ ಮಾಡಿದಾಗಲೂ, ಮೊದಲು ಬೀದಿಗೆ ಬಿದ್ದದ್ದು ಬಡವರ ಹಾಸಿಗೆ ಹೊದಿಕೆಗಳೇ. ಎಷ್ಟೋ ಬಟ್ಟೆಬರೆ ಬೆಂಕಿಗೆ ಹೋಯಿತು. ಆ ದಬ್ಬಾಳಿಕೆಯ ಸಿಟ್ಟು ರ್‍ಯಾಂಡ್ ಸಾಹೇಬನ ಕೊಲೆಯವರೆಗೆ ಹೋದದ್ದು ಇತಿಹಾಸ. ಪ್ಲೇಗು ಹರಡುವುದು ಇಲಿಯ ಚಿಗಟದಿಂದ ಎಂದು ಸಾಮಾನ್ಯರಿಗೆ ತಿಳಿಯುವ ಹೊತ್ತಿಗೆ ಎಷ್ಟೋ ಮನೆಗಳ ಕೌದಿಗಳು ಬೂದಿಯಾಗಿದ್ದಿರಬೇಕು. ಒಂದು ಕೌದಿ ಸುಟ್ಟರೆ ಹೋಗುವುದು ಹೊದಿಕೆಯೊಂದೇ ಅಲ್ಲ. ಅಜ್ಜನ ಧೋತರ, ಅವ್ವನ ಮದುವೆಯ ಸೀರೆ, ತೀರಿಹೋದ ಕೂಸಿನ ಕುಂಚಿಗೆ, ಎಲ್ಲವೂ ಅದರೊಳಗೆ ಇರುತ್ತವೆ.

ಎರಡನೆಯ ವಾರದ ಹೊತ್ತಿಗೆ ಮಗನ ಕ್ಯಾಂಟೀನಿನ ಕೆಲಸ ನಿಂತಿತ್ತು. ಚಾಳಿನ ಹುಡುಗರು ಅಕ್ಕಿ, ಬೇಳೆ, ಜೋಳದ ಹಿಟ್ಟಿನ ಪೊಟ್ಟಣಗಳನ್ನು ಬಾಗಿಲ ಬಾಗಿಲಿಗೆ ಇಟ್ಟು ಹೋಗುತ್ತಿದ್ದರು. ಕೌದಿಯವ್ವ ಮೂರು ದಿನ ಗೋಡೆಗೆ ಒರಗಿ ಕುಳಿತಳು. ನಾಲ್ಕನೆಯ ದಿನ, "ಕೈ ಸುಮ್ಮನಿದ್ದರ ತಲಿ ಸುಮ್ಮನಿರಂಗಿಲ್ಲ" ಎಂದು ಎದ್ದು, ತನ್ನದೇ ಟ್ರಂಕನ್ನು ತೆರೆದಳು. ಊರಿನಲ್ಲಿ ಆಕೆಯ ಮಗಳಿಗೆ ದಿನ ತುಂಬುತ್ತ ಬಂದಿತ್ತು. ಬಾಣಂತನಕ್ಕೆ ಹೋಗುವವಳು ತಾನೇ, ಟಿಕೇಟೂ ತೆಗೆಸಿಯಾಗಿತ್ತು. ಗಾಡಿಗಳಿಲ್ಲ, ಜಿಲ್ಲೆಗಳ ಗಡಿ ಮುಚ್ಚಿದೆ. ತಾನು ಹೋಗದಿದ್ದರೂ ಕೂಸಿಗೆ ಕೌದಿಯಾದರೂ ಹೋಗಲೆಂದು, ಏಪ್ರಿಲ್ 2ರ ರಾಮನವಮಿಯ ದಿನ ಗಂಡನ ಎರಡು ಧೋತರ, ತನ್ನ ಒಂದು ಇಳಕಲ್ ಸೀರೆ, ಮೊಮ್ಮಕ್ಕಳ ಅಂಗಿಗಳು ಇವನ್ನು ಹಾಸಿ ಮೊದಲ ಹೊಲಿಗೆ ಹಾಕಿದಳು.

ಏಪ್ರಿಲ್ 5ರ ರಾತ್ರಿ 9 ಗಂಟೆಗೆ ದೇಶವೆಲ್ಲ 9 ನಿಮಿಷ ದೀಪ ಹಚ್ಚಿತಷ್ಟೆ. ನಮ್ಮ ಚಾಳಿನ ನಾಲ್ಕೂ ಮಾಳಿಗೆಗಳಲ್ಲಿ ಪಣತಿಗಳು ಉರಿದವು. ಕೌದಿಯವ್ವನೂ ಒಂದು ಹಚ್ಚಿದಳು. ಹಚ್ಚಿದ ಮೇಲೆ ಆ ಬೆಳಕಿನಲ್ಲಿ ಎರಡು ಸೂಜಿಗಳಿಗೆ ದಾರ ಪೋಣಿಸಿಟ್ಟುಕೊಂಡಳು.

8ರಂದು ಮುಂಬಯಿಯಲ್ಲಿ ಹೊರಗೆ ಬರುವವರೆಲ್ಲ ಮಾಸ್ಕು ಧರಿಸಲೇಬೇಕೆಂದು ಅಪ್ಪಣೆಯಾಯಿತು. ಔಷಧದ ಅಂಗಡಿಗಳಲ್ಲಿ ಮಾಸ್ಕು ಸಿಕ್ಕದು, ಸಿಕ್ಕರೆ ಬೆಲೆ ಕೇಳುವಂತಿಲ್ಲ. ನೀರಿನ ನಲ್ಲಿ ಕೆಳಗೆ, ಶೌಚಗೃಹ ಗ್ಯಾಲರಿಯ ಕೊನೆಗೆ. ಚಾಳಿನವರಿಗೆ ಹೊರಗೆ ಬರದೆ ಗತಿಯಿಲ್ಲ. ಕೌದಿಯವ್ವ ಹಾಸಿದ ಕೌದಿಯಿಂದ ಒಂದು ಧೋತರವನ್ನು ಎಳೆದು ತೆಗೆದಳು. ಅದನ್ನು ಕತ್ತರಿಸಿ, ಮೂರು ಪದರು ಮಡಿಚಿ, ಹಳೆಯ ಲಂಗದ ಲಾಡಿ ಹಚ್ಚಿ, ಎರಡು ದಿನಗಳಲ್ಲಿ ತನ್ನ ಮಾಳಿಗೆಯ ಎಲ್ಲ ಮನೆಗಳಿಗೂ ಮಾಸ್ಕು ಹೊಲಿದು ಕೊಟ್ಟಳು. "ಮೂರು ಪದರು ಯಾಕವ್ವಾ?" ಎಂದು ನಾವು ಕೇಳಿದ್ದಕ್ಕೆ, "ಒಂದು ಪದರು ಸವೀತೈತಿ ತಂಗಿ. ಕೌದಿ ಹೊಲಿಯಾಕಿಗೆ ಇದನ್ನ ಹೇಳಬೇಕೇನ?" ಎಂದಳು. ಬಟ್ಟೆಯ ಮಾಸ್ಕಿಗೆ ಮೂರು ಪದರು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಕೊಟ್ಟದ್ದು ಜೂನ್ ತಿಂಗಳಲ್ಲಿ. ಹುಟ್ಟಲಿರುವ ಕೂಸಿನ ಕೌದಿ ಮಾತ್ರ ಒಂದು ಪದರು ತೆಳ್ಳಗಾಯಿತು.

ಏಪ್ರಿಲ್ 14ಕ್ಕೆ ಮುಗಿಯಬೇಕಾಗಿದ್ದ ಬಂದು ಮೇ 3ರವರೆಗೆ ಮುಂದುವರಿಯಿತು. ಅದೇ ದಿನ ಬಾಂದ್ರಾ ನಿಲ್ದಾಣದ ಬಳಿ, ಊರಿಗೆ ಹೋಗಬೇಕೆಂದು ಸಾವಿರಾರು ಕೂಲಿಕಾರರು ಸೇರಿದ ಚಿತ್ರವನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಎಷ್ಟೋ ಜನ ಕಾಲ್ನಡಿಗೆಯಲ್ಲೇ ಹೊರಟಿದ್ದರು. ಅವರ ತಲೆಯ ಮೇಲಿನ ಗಂಟುಗಳಲ್ಲಿ ಕೌದಿಗಳೂ ಇದ್ದುವು; ಕಣ್ಣಿದ್ದವರು ಕಂಡರು.

ಮೂರನೆಯ ವಾರ ಕೌದಿಯವ್ವನ ಬೆರಳು ಸೋತಿತು. ನಾಲ್ವರು ಕುಳಿತು ಹೊಲಿಯುವುದನ್ನು ಒಬ್ಬಳೇ ಹೊಲಿದರೆ ಆಗುವುದೇ ಹಾಗೆ. ಬೆರಳಿಗಿಂತ ಹೆಚ್ಚಾಗಿ ಬಾಯಿ ಸೋತಿತೆಂದು ಹೇಳಬೇಕು. ಮಾತಿಲ್ಲದೆ ಹೊಲಿದು ಆಕೆಗೆ ಅಭ್ಯಾಸವಿರಲಿಲ್ಲ. ಆಗ ಎದುರುಸಾಲಿನ ಒಬ್ಬ ಮರಾಠಿ ಬಾಯಿ ಉಪಾಯ ಹೇಳಿದಳು. ಕೂಡಿ ಕೂಡ್ರುವಂತಿಲ್ಲದಿದ್ದರೆ ಬೇಡ. ಮೇಲ್ಪದರಿನ ಚೌಕಗಳನ್ನು ಹಂಚಿಕೊಂಡರಾಯಿತು. ನಾವು ನಾಲ್ಕು ಮನೆಯವರು ನಮ್ಮ ನಮ್ಮ ಹೊಸ್ತಿಲೊಳಗೆ ಕುಳಿತು, ಗ್ಯಾಲರಿಯ ಉದ್ದಕ್ಕೂ ಕೂಗಿ ಮಾತಾಡುತ್ತ, ನಮ್ಮದೇ ಹಳೆಯ ಅರಿವೆಯಿಂದ ಚೌಕಗಳನ್ನು ಕೂಡಿಸಿದೆವು. ಆದ ಚೌಕವನ್ನು ಕಟಕಟೆಯ ಮೇಲೆ ಒಂದು ದಿನ ಪೂರ್ತಿ ಬಿಸಿಲಿಗೆ ಹಾಕುವುದು; ಮರುದಿನ ಕೌದಿಯವ್ವ ಬಂದು ತೆಗೆದುಕೊಂಡು ಹೋಗುವುದು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇದೇ ಕಾರ್ಯಕ್ರಮ. ಗುಟ್ಟಿನ ಮಾತುಗಳನ್ನು ಕೂಗಿ ಹೇಳಲಾಗದೆ, ಆ ತಿಂಗಳು ನಮ್ಮ ಚಾಳಿನಲ್ಲಿ ಚಾಡಿ ಕಡಿಮೆಯಾಯಿತೆಂದು ಗಂಡಸರು ಈಗಲೂ ನಗೆಯಾಡುತ್ತಾರೆ.

ಆ ವಾರವೇ ಕೆಳಗಿನ ಮಾಳಿಗೆಯ ಒಬ್ಬರಿಗೆ ಸೋಂಕು ತಗಲಿತು. ಗಾಡಿ ಬಂದು ಅವರನ್ನು ಕರೆದೊಯ್ದಿತು. ಚಾಳಿನ ಬಾಗಿಲಿಗೆ ಬಿದಿರು ಕಟ್ಟಿದರು. ಅವರ ಹೆಂಡತಿ, ಅವರು ಮಲಗುತ್ತಿದ್ದ ಕೌದಿಯನ್ನು ಹೊರಗೆ ಹಾಕಿ ಒಳಗೆ ಅಳುತ್ತ ಕುಳಿತಿದ್ದಳು. "ಅದನ್ನ ಸುಟ್ಟಬಿಡ್ರಿ" ಎಂದು ನಾಲ್ಕಾರು ಜನ ಮೇಲಿನಿಂದ ಕೂಗಿದರು. ಕೌದಿಯವ್ವ ತನ್ನ ಬಾಗಿಲಿನಲ್ಲಿ ನಿಂತು, ಆ ಹೆಂಗಸಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು: "ಸುಡಬ್ಯಾಡವ್ವಾ. ಮೂಗು ಬಾಯಿ ಕಟ್ಕೊಂಡು, ಕುದಿಯೋ ನೀರಾಗ ಸೋಪು ಹಾಕಿ ನೆನಿ ಇಡು. ಮೂರು ದಿನ ಬಿಸಿಲಿಗೆ ಹಾಕು. ಅವರು ಬಂದ ಮ್ಯಾಲೆ ಯಾತರ ಮ್ಯಾಲೆ ಮಲಗಬೇಕು?" ಆಕೆ 'ಬಂದರೆ' ಎನ್ನಲಿಲ್ಲ, 'ಬಂದ ಮೇಲೆ' ಎಂದಳು. ಇಡೀ ಚಾಳು ಅದನ್ನು ಕೇಳಿತು. ಕೂಗಿದವರು ಸುಮ್ಮನಾದರು. ಮೇ ತಿಂಗಳ ಮೊದಲ ವಾರ ಅವರು ಗುಣವಾಗಿ ಮರಳಿ ಬಂದು ಅದೇ ಕೌದಿಯ ಮೇಲೆ ಮಲಗಿದರು.

ಏಪ್ರಿಲ್ 26ರ ಭಾನುವಾರ ಬಸವ ಜಯಂತಿ. ಸಭೆಯಿಲ್ಲ, ಮೆರವಣಿಗೆಯಿಲ್ಲ. ಅಂದು ಮಧ್ಯಾಹ್ನ ಕೌದಿಯವ್ವ ನಡುವಿನ ಕೊನೆಯ ಹೊಲಿಗೆ ಹಾಕಿ ಗಂಟು ಬಿಗಿದಳು. ಕಾಯಕದ ಮಾತನ್ನು ನಾವು ಎಷ್ಟೋ ಭಾಷಣಗಳಲ್ಲಿ ಕೇಳಿದ್ದೇವೆ. ಆ ದಿನ ಭಾಷಣವಿಲ್ಲದೆ ಅದನ್ನು ಕಂಡೆವು. ಊರಿನಲ್ಲಿ ಮಗಳು ಮೂರು ದಿನ ಹಿಂದೆ ಹೆತ್ತಿದ್ದಳು, ಹೆಣ್ಣುಕೂಸು. ಫೋನಿನ ಪರದೆಯಲ್ಲಿ ಅಜ್ಜಿ ಕೂಸನ್ನು ನೋಡಿದಳು, ಕೂಸಿಗೆ ಕೌದಿಯನ್ನು ತೋರಿಸಿದಳು. ಅದು ಊರು ಮುಟ್ಟಿದ್ದು ಆ ವರ್ಷದ ದೀಪಾವಳಿಗೆ. ಆ ಹೊತ್ತಿಗೆ ಕೂಸು ಕೌದಿಯ ಮೇಲೆ ನಿಲ್ಲದೆ ಹೊಸ್ತಿಲ ಕಡೆಗೆ ತೆವಳುತ್ತಿತ್ತಂತೆ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದು ಹೇಳಿದರೆ ತಮಗೂ ಸಂತೋಷ, ನಮಗೂ ಸಂತೋಷ. ಆದರೆ ಲೆಕ್ಕ ಹಾಗಿಲ್ಲ. ಆ ಬೇಸಗೆಯ ಗಳಿಕೆ ಪೂರ್ತಿ ಹೋಯಿತು. ಕುದಿಸಿ ಒಣಗಿಸಿಟ್ಟ ಮೂರು ಗಂಟುಗಳ ಪೈಕಿ ಒಂದನ್ನು ಕೇಳಲು ಯಾರೂ ಬರಲಿಲ್ಲ. 2021ರ ಏಪ್ರಿಲಿನಲ್ಲಿ ಎರಡನೆಯ ಅಲೆ ಬಂದು ಇನ್ನೊಂದು ಬೇಸಗೆಯನ್ನೂ ನುಂಗಿತು. ಎರಡು ವರ್ಷ ಕೌದಿ ಹೊಲಿಸದ ಮನೆಗಳು ಅಂಗಡಿಯ ಪಾಲಿಯೆಸ್ಟರ್ ಹೊದಿಕೆಗೆ ಒಗ್ಗಿಕೊಂಡವು. ಸೊಸೆ ಮನೆಗೆಲಸಕ್ಕೆ ಸೇರಿದಳು. ಅತ್ತೆಯ ಸೂಜಿ ಹಿಡಿಯಲು ಆಕೆಗೆ ಬಿಡುವಿಲ್ಲ. ಭಯ ಹೋಯಿತು, ಆದರೆ ಭಯದ ಕಾಲದಲ್ಲಿ ಬಿಟ್ಟುಹೋದ ಅಭ್ಯಾಸ ಮರಳಿ ಬರಲಿಲ್ಲ. ಪಿಡುಗಿನಿಂದಾದ ನಷ್ಟಗಳಲ್ಲಿ ಯಾವ ಲೆಕ್ಕಕ್ಕೂ ಸಿಗದ ನಷ್ಟ ಇದು.

ಕೌದಿ ನಿಂತಿರುವುದು ಒಂದು ನಂಬಿಕೆಯ ಮೇಲೆ. ನನ್ನ ಮೈಮೇಲಿನ ಅರಿವೆಯನ್ನು ನೀನು ಮುಟ್ಟಬಹುದು, ನೀನು ಹೊಲಿದದ್ದನ್ನು ನಾನು ಹೊದೆಯಬಹುದು ಎಂಬ ನಂಬಿಕೆ ಅದು. ಮುಟ್ಟು, ಮೈಲಿಗೆ ಎಂದು ಸಾವಿರ ಗೋಡೆ ಕಟ್ಟಿಕೊಂಡ ನಮ್ಮ ಸಮಾಜದಲ್ಲಿ ಹಳೆಯ ಅರಿವೆಯ ಈ ಗಂಟು ಮನೆಯಿಂದ ಮನೆಗೆ ಹೋಗಿ ಬಂದದ್ದು ಸಣ್ಣ ಮಾತಲ್ಲ. ರೋಗದ ಕಾಲದಲ್ಲಿ ದೂರ ನಿಲ್ಲುವುದು ವಿವೇಕ. ರೋಗ ಹೋದ ಮೇಲೂ ದೂರವೇ ನಿಂತರೆ ಅದಕ್ಕೆ ಬೇರೆ ಹೆಸರು ಕೊಡಬೇಕಾದೀತು.

ಆದ್ದರಿಂದ ಈ ಸಭೆಯ ಮುಂದೆ ನಮ್ಮ ಬಿನ್ನಹಗಳು ಮೂರು. ಒಂದು, ಮನೆಯಲ್ಲಿರುವ ಹಳೆಯ ನೂಲಿನ ಸೀರೆ, ಧೋತರಗಳನ್ನು ಸ್ಟೀಲಿನ ಡಬ್ಬಿಯವನಿಗೆ ಕೊಡುವ ಮುನ್ನ ಒಂದು ಕೌದಿಗೆ ಆಗುವಷ್ಟನ್ನು ಒಗೆದು ತೆಗೆದಿರಿಸಿ. ಈಗಿನ ಪಾಲಿಯೆಸ್ಟರ್ ಸೀರೆ ಬೆವರು ಹೀರದು, ಕೌದಿಗೆ ಬಾರದು. ನೂಲಿನದು ದಿನದಿನಕ್ಕೆ ವಿರಳವಾಗುತ್ತಿದೆ. ಎರಡು, ಹೊಲಿಸುವಾಗ ಕೌದಿಯ ಉದ್ದಗಲ ನೋಡಿ ಚೌಕಾಸಿ ಮಾಡಬೇಡಿ. ಹೊಲಿಯಲು ಹಿಡಿದ ದಿನಗಳನ್ನು ಎಣಿಸಿ ಕೂಲಿ ಕೊಡಿ, ಅರ್ಧವನ್ನು ಮುಂಗಡವಾಗಿಯೇ ಕೊಡಿ. ಮೂರು, ಬರುವ ಯುಗಾದಿಯಿಂದ ಬಸವ ಜಯಂತಿಯವರೆಗೆ ವಾರಕ್ಕೊಂದು ಮಧ್ಯಾಹ್ನ ಸಂಘದ ಸಭಾಗೃಹವನ್ನು ನಮಗೆ ಬಿಟ್ಟುಕೊಡಿ. ಕೌದಿಯವ್ವ ಬಂದು ಕಲಿಸಲು ಒಪ್ಪಿದ್ದಾಳೆ. ನಮ್ಮ ಹೆಣ್ಣುಮಕ್ಕಳ ಜೊತೆಗೆ ಗಂಡುಮಕ್ಕಳೂ ಬರಲಿ. ಸೂಜಿಗೆ ದಾರ ಪೋಣಿಸಲು ಎಳೆಯ ಕಣ್ಣುಗಳು ಬೇಕು. ಹೊಲಿಯುವಾಗ ಆಡುವ ಮಾತು ಕನ್ನಡವೇ ಆಗಿರುವುದರಿಂದ, ಇಂಗ್ಲಿಷ್ ಶಾಲೆಯ ನಮ್ಮ ಮೊಮ್ಮಕ್ಕಳಿಗೆ ಅದೂ ಒಂದು ಲಾಭ.

ಸಮಿತಿಯವರು ಈ ಮೂರನೆಯ ಬಿನ್ನಹಕ್ಕೆ ಇಂದೇ ಒಪ್ಪಿಗೆ ಕೊಡುವರೆಂದು ನಂಬಿದ್ದೇವೆ. ಹಾಸಲು ಒಂದು ಜಮಖಾನೆ ಮಾತ್ರ ಸಂಘದ್ದು. ಉಳಿದದ್ದನ್ನೆಲ್ಲ ನಾವು ತರುವೆವು.  ಸಿರಿಗನ್ನಡಂ ಗೆಲ್ಗೆ.